ಹೊಸ ಮುಳುಗುಗಾರನ ಹೊರೆ

ಉಸಿರಾಟದ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಕಡಲ ತಳವನ್ನು ನೋಡಿಬರುವ ಸ್ಕೂಬಾ ವಿದ್ಯೆಯು ನಮ್ಮ ನಾಡಿಗೆ ಹೊಸದು. ಆದರೂ ಮುರುಡೇಶ್ವರದ ದಡದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ, ಮಳೆಗಾಲವು ಕಳೆದು ಕಡಲು ತಿಳಿಯಾದ ಮೇಲೆ, ಘಟ್ಟದ ಮೇಲಣ ಊರುಗಳ ತರುಣ ತರುಣಿಯರು ನೀರಿಗಿಳಿಯುವುದು ಈಗ ವರ್ಷವರ್ಷದ ಮಾತಾಗಿದೆ. ಅವರಲ್ಲಿ ಹೆಚ್ಚಿನವರು ಒಂದು ದಿನದ ವಿನೋದಕ್ಕೆ ತೃಪ್ತರಾಗಿ ಹಿಂದಿರುಗುವರು. ಕೆಲವರು ಮಾತ್ರ ಆ ನೀಲಲೋಕಕ್ಕೆ ಮನಸೋತು, ಕ್ರಮವಾದ ಶಿಕ್ಷಣವನ್ನು ಪಡೆಯಲು ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೊರಡುವರು. ಹೊರಡುವ ಮುನ್ನ ಅವರ ಮುಂದೆಯೂ, ಹಣ ಕೊಡತಕ್ಕ ತಂದೆತಾಯಿಗಳ ಮುಂದೆಯೂ ಒಂದು ಪ್ರಶ್ನೆಯು ಬಂದು ನಿಲ್ಲುತ್ತದೆ: ಮೈಮೇಲೆ ಏನೇನನ್ನು ಹೊತ್ತುಕೊಂಡು ಇಳಿಯಬೇಕು?

ಈ ಪ್ರಶ್ನೆಗೆ ಎರಡು ಪಕ್ಷಗಳ ಉತ್ತರಗಳುಂಟು. ಒಂದು ಸರ್ವಸಂಗ್ರಹದವರ ಪಕ್ಷ. ಕಡಲು ಅಪಾಯದ ಸ್ಥಳ, ಆದುದರಿಂದ ಸಾಮಗ್ರಿಯು ಎಷ್ಟು ಹೆಚ್ಚಿದ್ದರೆ ಅಷ್ಟು ಕ್ಷೇಮ ಎಂಬುದು ಅವರ ವಾದ. ಕಾಲಿಗೊಂದು ಕಠಾರಿ, ಕೈಗೊಂದು ದೀಪ, ಎದೆಯ ಮೇಲೊಂದು ಕ್ಯಾಮೆರಾ, ಸೊಂಟದ ಸುತ್ತ ಕೊಂಡಿ ಕೊಂಡಿಗೂ ಒಂದೊಂದು ತೂಗು ಪದಾರ್ಥ! ಇನ್ನೊಂದು ಮಿತಸಾಧನದವರ ಪಕ್ಷ. ಕಡಿಮೆ ಇದ್ದಷ್ಟೂ ಮೇಲು, ಬೇಡದ್ದನ್ನೆಲ್ಲ ದಡದಲ್ಲಿಯೇ ಬಿಡು ಎಂಬುದು ಅವರ ಉಪದೇಶ. ಹೊಸಬನಿಗೆ ಮಿತಸಾಧನವೇ ಹಿತವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಹೊಸಬನೆಂದರೆ ಹೊಸಬಳೂ ಸೇರಿದಳೆಂದೇ ತಿಳಿಯತಕ್ಕದ್ದು. ಆದರೆ ಮಿತವೆಂದರೇನು ಎಂಬುದನ್ನು ಅದನ್ನು ಬೋಧಿಸುವವರಲ್ಲಿಯೇ ಅನೇಕರು ಸರಿಯಾಗಿ ಅರಿತಿಲ್ಲವಾದುದರಿಂದ, ಒಳ್ಳೆಯ ತತ್ತ್ವವೊಂದು ಕೆಟ್ಟ ಫಲವನ್ನು ಕೊಡುವ ಸಂಭವವಿದೆ. ಇಲ್ಲಿ ತಪ್ಪಿದರೆ ತೆರಬೇಕಾದ ಬೆಲೆಯು ಪ್ರಾಣವಾದುದರಿಂದ ಎರಡು ಪಕ್ಷಗಳನ್ನೂ ನಿಷ್ಠುರವಾಗಿ ಪರೀಕ್ಷಿಸಬೇಕಾಗಿದೆ.

ಮಿತಸಾಧನದವರು ಮೊದಲು ತೆಗೆಯುವ ಮಾತು ಪ್ರಾಚೀನರದು. ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರು ಎಮಿಲ್ ಗಾನ್ಯಾಂ ಎಂಬವರು ಕೂಡಿ, ಉಸಿರೆಳೆದಾಗ ಮಾತ್ರ ಗಾಳಿಯನ್ನು ಬಿಡುವ ಕವಾಟವೊಂದನ್ನು ಸಿದ್ಧಪಡಿಸಿದರು. ಯುದ್ಧಕಾಲದ ಪೆಟ್ರೋಲಿನ ಅಭಾವದಲ್ಲಿ ಮೋಟಾರುಗಳನ್ನು ಅನಿಲದಿಂದ ನಡೆಸುವುದಕ್ಕೆಂದು ಗಾನ್ಯಾಂ ರಚಿಸಿದ್ದ ಕವಾಟವೇ ಇದಕ್ಕೆ ಮೂಲವಾಯಿತು. ಅಂದಿನ ಮುಳುಗುಗಾರರಿಗೆ ಗಾಳಿ ತುಂಬುವ ಜಾಕೀಟು ಇರಲಿಲ್ಲ, ಎರಡನೆಯ ಬಾಯಿಕೊಳವೆ ಇರಲಿಲ್ಲ, ಕೈಗೆ ಕಟ್ಟುವ ಕಂಪ್ಯೂಟರು ಇರಲೇ ಇಲ್ಲ. ಅಷ್ಟರಿಂದಲೇ ಅವರು ಸಮುದ್ರಗರ್ಭವನ್ನು ಹೊಕ್ಕು ಬರಲಿಲ್ಲವೆ, ಇಂದಿನವರಿಗೆ ಇಷ್ಟೆಲ್ಲ ಏತಕ್ಕೆ ಎಂದು ಕೇಳುವವರುಂಟು.

ಈ ವಾದವು ಕೇಳುವುದಕ್ಕೆ ಸೊಗಸು, ಒಳಗೆ ಟೊಳ್ಳು. ಆ ಕಾಲದ ಅನೇಕ ಸಿಲಿಂಡರುಗಳಿಗೆ ಒಂದು ಮೀಸಲು ಕವಾಟವಿರುತ್ತಿತ್ತು. ಉಸಿರೆಳೆಯುವುದು ಬಿಗಿಯಾದಾಗ ಬೆನ್ನ ಹಿಂದಿನ ಸರಳನ್ನು ಎಳೆದರೆ ಉಳಿದ ಸ್ವಲ್ಪ ಗಾಳಿಯು ದೊರೆಯುತ್ತಿತ್ತು. ಆದರೆ ಆ ಸರಳು ಎಲ್ಲಿಯಾದರೂ ತಗಲಿ ಮೊದಲೇ ಕೆಳಗಿಳಿದಿದ್ದರೆ, ಕೈಹಾಕಿ ಎಳೆದವನಿಗೆ ಸಿಕ್ಕುವುದು ಶೂನ್ಯ. ಸಿಲಿಂಡರಿನಲ್ಲಿ ಎಷ್ಟು ಗಾಳಿಯಿದೆಯೆಂಬುದನ್ನು ನೀರಿನಲ್ಲಿಯೇ ತೋರಿಸುವ ಒತ್ತಡಮಾಪಕವು ಸರ್ವತ್ರ ಬಳಕೆಗೆ ಬಂದುದು ಇಂಥ ಕಷ್ಟವನ್ನು ನಿವಾರಿಸುವುದಕ್ಕಾಗಿಯೇ. ಜಾಕೀಟೂ, ಜತೆಗಾರನಿಗೆ ಕೊಡತಕ್ಕ ಎರಡನೆಯ ಬಾಯಿಕೊಳವೆಯೂ ಹೀಗೆಯೇ ಬಂದವು. ಇವುಗಳನ್ನು ಆಡಂಬರವೆಂದು ಕಳಚುವುದು ವೈರಾಗ್ಯವಲ್ಲ, ಮರೆವು. ಹಿರಿಯರು ಕಡಿಮೆಯನ್ನು ಹೊತ್ತರೆಂದರೆ ಅವರ ಬಳಿ ಬೇರೆ ಇರಲಿಲ್ಲವೆಂದು ಅರ್ಥ. ಅದೇ ಸಾಕೆಂದು ಅವರು ತೀರ್ಮಾನಿಸಿದರೆಂದು ಅರ್ಥವಲ್ಲ.

ಹಾಗಾದರೆ ಮಿತಸಾಧನವೆಂಬ ತತ್ತ್ವವು ನಿಜವಾಗಿ ಹುಟ್ಟಿದುದೆಲ್ಲಿ? ಅಮೆರಿಕದ ಫ್ಲಾರಿಡಾ ಪ್ರಾಂತದ ಜಲಗುಹೆಗಳಲ್ಲಿ. ಅಲ್ಲಿನ ಸುಣ್ಣಕಲ್ಲಿನ ಬಿಲಗಳಲ್ಲಿ ತಲೆಯ ಮೇಲೆ ನೀರಲ್ಲ, ಬಂಡೆ. ತೊಂದರೆಯಾದರೆ ಮೇಲಕ್ಕೇಳುವ ದಾರಿಯೇ ಇಲ್ಲ. ಶೆಕ್ ಎಕ್ಸ್ಲಿ ಎಂಬ ಪ್ರಸಿದ್ಧ ಗುಹಾ ಮುಳುಗುಗಾರನು ೧೯೭೯ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಅಲ್ಲಿ ಸಂಭವಿಸಿದ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿ, ಹೊರಬಾಗಿಲಿನವರೆಗೆ ತುಂಡಾಗದ ಹಗ್ಗ, ಗಾಳಿಯ ಮೂರನೆಯ ಒಂದು ಪಾಲನ್ನು ಮಾತ್ರ ಒಳಹೋಗಲು ಬಳಸುವ ನಿಯಮ ಮುಂತಾದುವನ್ನು ಸ್ಥಾಪಿಸಿದನು. ಅದೇ ಬಳಗದ ವಿಲಿಯಂ ಹೋಗಾರ್ತ್ ಮೇನ್ ಎಂಬವನು ತನ್ನ ಮೈಮೇಲಿನ ಪ್ರತಿಯೊಂದು ವಸ್ತುವನ್ನೂ ತೂಗಿ ನೋಡಿ, ಬೇಡದ್ದನ್ನು ತೆಗೆದು, ಬೇಕಾದುದಕ್ಕೆ ನಿಶ್ಚಿತವಾದ ಸ್ಥಳವನ್ನು ಕೊಟ್ಟನು. ಅವನ ಹೆಸರಿನಿಂದಲೇ ಆ ಕ್ರಮಕ್ಕೆ ಹೋಗಾರ್ತ್ ಪದ್ಧತಿಯೆಂಬ ಹೆಸರು ಬಂದಿತು. ವಕುಲ್ಲಾ ಮೊದಲಾದ ಬುಗ್ಗೆಗಳ ಒಳಗನ್ನು ಶೋಧಿಸಿದ ತಂಡದವರು ಅದನ್ನು ಇನ್ನಷ್ಟು ಕಟ್ಟುನಿಟ್ಟುಗೊಳಿಸಿದರು. ೧೯೯೮ರಲ್ಲಿ ಸ್ಥಾಪಿತವಾದ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್ ಎಂಬ ಸಂಸ್ಥೆಯು ಅದನ್ನು ಲೋಕಕ್ಕೆಲ್ಲ ಕಲಿಸತೊಡಗಿತು.

ಈ ಇತಿಹಾಸದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಿತಸಾಧನದ ಈ ಆಚಾರ್ಯರು ಗುಹೆಯನ್ನು ಹೊಗುವಾಗ ಬೆನ್ನಿಗೆ ಎರಡು ಸಿಲಿಂಡರು, ಎರಡು ರೆಗ್ಯುಲೇಟರು, ಒಂದಲ್ಲ ಮೂರು ದೀಪಗಳನ್ನು ಒಯ್ಯುತ್ತಾರೆ! ಮೂರು ದೀಪ ಹೊತ್ತವನು ಮಿತಸಾಧನದವನು ಹೇಗಾದನು? ಏಕೆಂದರೆ ಅವನ ಲೆಕ್ಕವು ಸಂಖ್ಯೆಯದಲ್ಲ, ಅವಶ್ಯಕತೆಯದು. ಕತ್ತಲೆಯ ಗುಹೆಯಲ್ಲಿ ಬೆಳಕು ಹೋದರೆ ಪ್ರಾಣವೂ ಹೋಯಿತು. ಆದುದರಿಂದ ಮೂರು ದೀಪ. ಅದೇ ಮನುಷ್ಯನು ಹಗಲು ಹೊತ್ತಿನಲ್ಲಿ ತಿಳಿಯಾದ ಕಡಲಿಗೆ ಇಳಿಯುವಾಗ ಮೂರು ದೀಪಗಳನ್ನು ಹೊತ್ತರೆ ಅವನನ್ನು ಅವನ ಬಳಗದವರೇ ನಗುವರು. ಸ್ಥಳಕ್ಕೆ ತಕ್ಕ ಸಾಧನ, ಸಾಧನಕ್ಕೆ ತಕ್ಕ ಸ್ಥಾನ, ತಂಡದವರೆಲ್ಲರಿಗೂ ಒಂದೇ ವಿನ್ಯಾಸ: ಇದು ಆ ತತ್ತ್ವದ ತಿರುಳು. ತಿರುಳನ್ನು ಬಿಟ್ಟು ‘ಕಡಿಮೆ’ ಎಂಬ ಸಿಪ್ಪೆಯನ್ನು ಹಿಡಿದವರು ಹೊಸಬರಿಗೆ ಗುರುಗಳಾಗಲಾರರು.

ಇನ್ನು ಹೊಸಬನ ಸ್ಥಿತಿಯನ್ನು ನೋಡೋಣ. ಅವನಿಗೆ ನೀರಿನಲ್ಲಿ ಮೊದಲು ಬೇಕಾದುದು ಗಮನ. ಕಿವಿಯೊಳಗಿನ ಒತ್ತಡವನ್ನು ಸರಿಪಡಿಸಿಕೊಳ್ಳಬೇಕು. ಮುಖವಾಡಕ್ಕೆ ನೀರು ನುಗ್ಗಿದರೆ ಹೊರಹಾಕಬೇಕು. ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು. ಆಳವನ್ನೂ ಗಾಳಿಯನ್ನೂ ಜತೆಗಾರನನ್ನೂ ನೋಡುತ್ತಿರಬೇಕು. ಇಷ್ಟರ ನಡುವೆ ಮೇಲಕ್ಕೂ ಕೆಳಕ್ಕೂ ಹೋಗದೆ ತೇಲುತ್ತಿರಬೇಕು. ನುರಿತವನಿಗೆ ಇವೆಲ್ಲ ನಡೆದಾಡುವಷ್ಟು ಸಹಜ. ಹೊಸಬನಿಗಾದರೋ ಒಂದೊಂದೂ ಬೇರೆ ಬೇರೆ ಕೆಲಸ. ಇಂಥವನ ಕೈಗೆ ಕ್ಯಾಮೆರಾವನ್ನು ಕೊಡುವುದೆಂದರೆ, ಸೈಕಲ್ಲನ್ನು ಹತ್ತಿದ ಮೊದಲ ದಿನವೇ ತಲೆಯ ಮೇಲೆ ತುಂಬಿದ ಕೊಡವನ್ನಿಟ್ಟಂತೆ.

ಗಮನವು ಚದುರಿದರೆ ಭಯವು ಬರುತ್ತದೆ, ಭಯವು ಬಂದರೆ ಉಸಿರು ಹೆಚ್ಚುತ್ತದೆ. ಇದರ ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು. ಕಡಲಿನಲ್ಲಿ ಪ್ರತಿ ೧೦ ಮೀಟರು ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವು ಏರುತ್ತದೆ. ಪ್ರಾಥಮಿಕ ಶಿಕ್ಷಣವನ್ನು ಮುಗಿಸಿದವರಿಗೆ ಸಾಮಾನ್ಯವಾಗಿ ವಿಧಿಸುವ ಮಿತಿ ೧೮ ಮೀಟರು. ಅಲ್ಲಿ ಒತ್ತಡವು ಮೇಲಿನದರ ೨.೮ರಷ್ಟು. ದಡದಲ್ಲಿ ನಿಮಿಷಕ್ಕೆ ೨೦ ಲೀಟರು ಗಾಳಿಯನ್ನು ಸೇವಿಸುವವನು ಅಲ್ಲಿ ೫೬ ಲೀಟರನ್ನು ಸೇವಿಸುವನು. ೧೧ ಲೀಟರಿನ ಸಿಲಿಂಡರಿನಲ್ಲಿ ೨೦೦ ಬಾರ್ ಒತ್ತಡದ ಗಾಳಿಯಿದ್ದು, ೫೦ ಬಾರನ್ನು ಮೀಸಲಿಟ್ಟರೆ, ಬಳಕೆಗೆ ಸಿಕ್ಕುವುದು ೧,೬೫೦ ಲೀಟರು. ಎಂದರೆ ಆ ಆಳದಲ್ಲಿ ಸುಮಾರು ೨೯ ನಿಮಿಷ. ಉಸಿರಾಟವು ಇಮ್ಮಡಿಯಾದರೆ ೧೫ ನಿಮಿಷವೂ ಉಳಿಯದು. ತೂಗುವ ಸಾಮಾನುಗಳು ನೀರನ್ನು ತಡೆದು ಈಜನ್ನು ಭಾರವಾಗಿಸುತ್ತವೆ, ಭಾರವಾದ ಈಜು ಉಸಿರನ್ನು ಹೆಚ್ಚಿಸುತ್ತದೆ. ಕ್ಷೇಮಕ್ಕೆಂದು ಕೊಂಡ ಹೊರೆಯು ಹೀಗೆ ಕ್ಷೇಮದ ಮೂಲವಾದ ಗಾಳಿಯನ್ನೇ ತಿನ್ನುತ್ತದೆ.

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭನ ಮಂತ್ರವು ಸಿದ್ಧವಾಗಿತ್ತು, ಗದೆಯೂ ಇತ್ತು. ಆದರೂ ಭೀಮನ ಗರ್ಜನೆಯನ್ನು ಕೇಳಿ ನೀರೊಳಗೇ ಬೆವತನೆಂದು ರನ್ನನು ವರ್ಣಿಸಿದ್ದಾನೆ. ಆಯುಧವೂ ಮಂತ್ರವೂ ಇದ್ದವನ ಗತಿಯು ಅದಾದರೆ, ನಾಲ್ಕು ದಿನದ ಪಾಠವನ್ನು ಕಲಿತು ಹದಿನಾಲ್ಕು ಉಪಕರಣಗಳನ್ನು ಕಟ್ಟಿಕೊಂಡವನ ಪಾಡೇನು? ನೀರಿನಲ್ಲಿ ಧೈರ್ಯವನ್ನು ಕೊಡುವುದು ಅಭ್ಯಾಸ. ಅದನ್ನು ಅಂಗಡಿಯಲ್ಲಿ ಮಾರುವುದಿಲ್ಲ.

ಹೊಸಬನ ಮೈಮೇಲಿರುವ ಅನಾವಶ್ಯಕ ವಸ್ತುಗಳಲ್ಲಿ ಮೊದಲನೆಯದು ಕ್ಯಾಮೆರಾ ಅಲ್ಲ, ಕಠಾರಿಯೂ ಅಲ್ಲ. ಅದು ಸೀಸ. ಮಿತಸಾಧನವನ್ನು ಕುರಿತು ವಾದಿಸುವವರು ಕೊಂಡಿ ಕೊಳವೆಗಳ ವಿಷಯವಾಗಿ ಗಂಟೆಗಟ್ಟಲೆ ಹೋರಾಡಿ ಸೀಸದ ಮಾತನ್ನೇ ಮರೆಯುವುದು ಆಶ್ಚರ್ಯ. ಹೊಸಬನು ಬೇಗ ಮುಳುಗಲೆಂದು ಅವನ ಸೊಂಟಕ್ಕೆ ಬೇಕಾದುದಕ್ಕಿಂತ ಹೆಚ್ಚು ತೂಕವನ್ನು ಕಟ್ಟುವ ಶಿಕ್ಷಕರು ಎಲ್ಲೆಡೆಯೂ ಉಂಟು. ಇದರಿಂದ ಶಿಕ್ಷಕನಿಗೆ ಸುಲಭ, ಶಿಷ್ಯನಿಗೆ ಕಷ್ಟ. ೪ ಕಿಲೋಗ್ರಾಂ ಸೀಸವು ಹೆಚ್ಚಾಗಿದ್ದರೆ ಅದನ್ನು ಎತ್ತಿಹಿಡಿಯಲು ಜಾಕೀಟಿನಲ್ಲಿ ಸುಮಾರು ೪ ಲೀಟರು ಗಾಳಿಯನ್ನು ಹೆಚ್ಚಾಗಿ ತುಂಬಬೇಕು. ಅವನು ೧೦ ಮೀಟರಿನಿಂದ ೫ ಮೀಟರಿಗೆ ಏರಿದರೆ, ಒತ್ತಡವು ತಗ್ಗಿ, ಆ ೪ ಲೀಟರು ೫.೩ ಲೀಟರಾಗಿ ಉಬ್ಬುತ್ತದೆ. ಬಯಸದಿದ್ದರೂ ಅದು ಅವನನ್ನು ಮೇಲಕ್ಕೆಳೆಯುತ್ತದೆ. ಒಂದೇ ಲೀಟರಿದ್ದರೆ ಉಬ್ಬುವುದು ಲೀಟರಿನ ಮೂರನೆಯ ಒಂದಂಶ ಮಾತ್ರ. ೧೬೬೨ರಲ್ಲಿ ಬಾಯ್ಲನು ಪ್ರಕಟಿಸಿದ ನಿಯಮವೇ ಇದು. ಯಾವ ಉಪಕರಣವೂ ಇದನ್ನು ಮೀರಲಾರದು. ಕೆಳಗೆ ಹವಳಗಳನ್ನು ತುಳಿಯುತ್ತ, ಮೇಲೇಳುವಾಗ ಬುರುಡೆಯಂತೆ ಚಿಮ್ಮುತ್ತ ಇರುವ ಹೊಸಬರನ್ನು ಕಂಡು ‘ಇವರಿಗೆ ಇನ್ನೂ ಹದ ಬಂದಿಲ್ಲ’ ಎನ್ನುವವರು, ಆ ಹದವನ್ನು ಕೆಡಿಸಿದ ಸೀಸವನ್ನು ಕಟ್ಟಿದವರಾರೆಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಹಾಗೆಂದು ಸೀಸವನ್ನು ಮನಬಂದಂತೆ ಕಳೆಯಲೂ ಆಗದು. ಸಿಲಿಂಡರಿನ ಗಾಳಿಗೂ ತೂಕವಿದೆ. ಮೇಲೆ ಹೇಳಿದ ೧,೬೫೦ ಲೀಟರು ಗಾಳಿಯ ತೂಕ ಸುಮಾರು ೨ ಕಿಲೋಗ್ರಾಂ. ಅದು ಖರ್ಚಾದ ಮೇಲೆ ಮುಳುಗುಗಾರನು ಅಷ್ಟು ಹಗುರಾಗುತ್ತಾನೆ. ಆದುದರಿಂದ ಮುಳುಗಿನ ಕೊನೆಯಲ್ಲಿ, ೫೦ ಬಾರ್ ಉಳಿದಿರುವಾಗ, ೫ ಮೀಟರು ಆಳದಲ್ಲಿ, ಜಾಕೀಟು ಬರಿದಾಗಿದ್ದರೂ ಅಲುಗದೆ ಮೂರು ನಿಮಿಷ ನಿಲ್ಲುವುದಕ್ಕೆ ಎಷ್ಟು ಬೇಕೋ ಅಷ್ಟೇ ಸೀಸ ಸರಿಯಾದ ಸೀಸ. ಮಿತವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯಿಲ್ಲ: ಒಂದು ತುಂಡು ಹೆಚ್ಚಾದರೂ ದೋಷ, ಕಡಿಮೆಯಾದರೂ ದೋಷ.

ಸರ್ವಸಂಗ್ರಹದವರು ಈಗ ಕೇಳಬಹುದು: ‘ಉಪಕರಣವು ಕೆಟ್ಟರೆ? ಒಂದಿರುವಲ್ಲಿ ಎರಡಿದ್ದರೆ ಒಳ್ಳೆಯದಲ್ಲವೆ?’ ಇದಕ್ಕೆ ಊಹೆಯಿಂದಲ್ಲದೆ ಅಂಕಿಗಳಿಂದಲೇ ಉತ್ತರ ಕೊಡಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಮೆರಿಕದ ಸಂಸ್ಥೆಯ ಪೀಟರ್ ಡೆನೋಬಲ್ ಎಂಬವರೂ ಅವರ ಸಂಗಡಿಗರೂ ೯೪೭ ಮುಳುಗುಗಾರರ ಮರಣಗಳನ್ನು ಪರಿಶೀಲಿಸಿ ೨೦೦೮ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಅನರ್ಥದ ಮೊದಲ ಎಳೆಯನ್ನು ಗುರುತಿಸಲು ಸಾಧ್ಯವಾದ ಪ್ರಸಂಗಗಳಲ್ಲಿ ನೂರಕ್ಕೆ ೪೧ರಲ್ಲಿ ಅದು ಗಾಳಿಯ ಕೊರತೆ, ೨೦ರಲ್ಲಿ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡದ್ದು, ೧೫ರಲ್ಲಿ ಉಪಕರಣದ ತೊಂದರೆ. ಸತ್ತವರಲ್ಲಿ ಹೊಸಬರೊಡನೆ ನುರಿತವರೂ ಸೇರಿರುವುದರಿಂದ ಈ ಅಂಕಿಗಳನ್ನು ಹೊಸಬರಿಗೆ ಅಕ್ಷರಶಃ ಅನ್ವಯಿಸಲಾಗದು. ಆದರೂ ದಿಕ್ಕು ಸ್ಪಷ್ಟವಾಗಿದೆ. ಗಾಳಿಯ ಕೊರತೆಗೆ ಮದ್ದು ಮಾಪಕವನ್ನು ನೋಡುವ ಅಭ್ಯಾಸ. ಎರಡು ಮಾಪಕಗಳನ್ನು ಕೊಂಡವನೂ ನೋಡದಿದ್ದರೆ ಕುರುಡನೇ. ಸಿಕ್ಕಿಹಾಕಿಕೊಳ್ಳುವುದಕ್ಕೆ ತೂಗುವ ವಸ್ತುಗಳು ಮದ್ದಲ್ಲ, ಕೊಕ್ಕೆಗಳು. ಸರ್ವಸಂಗ್ರಹದವರು ಹಣವನ್ನೆಲ್ಲ ಮೂರನೆಯ ಅಪಾಯದ ಮೇಲೆ ಸುರಿದು ಮೊದಲೆರಡನ್ನು ಬೆಳೆಸುತ್ತಾರೆ.

ಅಲ್ಲದೆ, ೧೮ ಮೀಟರಿನೊಳಗೆ, ಬಯಲು ನೀರಿನಲ್ಲಿ, ಹೊಸಬನಿಗೆ ಎರಡು ದೊಡ್ಡ ಮೀಸಲುಗಳಿವೆ: ಪಕ್ಕದಲ್ಲಿರುವ ಜತೆಗಾರ, ಮೇಲಿರುವ ಗಾಳಿ. ಈ ಎರಡು ಮೀಸಲುಗಳನ್ನು ಬಳಸಲು ಬೇಕಾದುದನ್ನು ಮಾತ್ರ ಅವನು ಎಂದೂ ಬಿಡಬಾರದು. ಎರಡನೆಯ ಬಾಯಿಕೊಳವೆಯು ಜತೆಗಾರನ ಪ್ರಾಣ. ಅದನ್ನು ಮಿತಸಾಧನದ ಹೆಸರಿನಲ್ಲಿ ಕಳಚುವವನು ತನ್ನ ಹೊರೆಯನ್ನು ಇಳಿಸಿಕೊಂಡಂತಲ್ಲ, ಸ್ನೇಹಿತನಿಗೆ ಬಾಗಿಲು ಮುಚ್ಚಿದಂತೆ. ದೋಣಿಯಿಂದ ದೂರ ಸರಿದವನನ್ನು ಕಾಣಿಸುವ ಬಣ್ಣದ ಊದುಚೀಲ ಮತ್ತು ಒಂದು ಸೀಟಿ, ಇವು ಜೇಬಿನಲ್ಲಿ ಮಡಿಸಿಡುವಷ್ಟು ಚಿಕ್ಕವು. ಮೀನುಬಲೆಗಳ ಚೂರುಗಳು ತೇಲುವ ನಮ್ಮ ಕಡಲಿನಲ್ಲಿ ದಾರವನ್ನು ಕತ್ತರಿಸುವ ಪುಟ್ಟ ಅಲಗೂ ಬೇಕು. ಮೊಣಕಾಲಿಗೆ ಕಟ್ಟಿದ ಕಠಾರಿಯು ಚಲಚ್ಚಿತ್ರದ ನಾಯಕನಿಗೇ ಇರಲಿ.

ಡೈವ್ ಕಂಪ್ಯೂಟರಿನ ವಿಷಯದಲ್ಲಿ ಮಿತಸಾಧನದ ಕೆಲವು ಕಠಿಣವ್ರತಿಗಳು, ಅದು ಬುದ್ಧಿಯನ್ನು ಮಂದಗೊಳಿಸುತ್ತದೆ, ಕೋಷ್ಟಕವನ್ನು ಕಲಿತು ಮನಸ್ಸಿನಲ್ಲಿಯೇ ಲೆಕ್ಕವಿಡಬೇಕು ಎನ್ನುತ್ತಾರೆ. ಲೆಕ್ಕವನ್ನು ಕಲಿಯಬೇಕೆಂಬುದು ನಿಜ. ಆದರೆ ಆಳ, ಕಾಲ, ಏರುವ ವೇಗ ಇವು ಮೂರನ್ನೂ ಒಂದೇ ನೋಟಕ್ಕೆ ತೋರಿಸಿ, ನಿಮಿಷಕ್ಕೆ ೯ ಮೀಟರಿಗಿಂತ ಬೇಗ ಏರುವವನನ್ನು ಎಚ್ಚರಿಸುವ ವಸ್ತುವು ಹೊಸಬನ ಗಮನವನ್ನು ಉಳಿಸುತ್ತದೆಯೇ ಹೊರತು ಕಸಿಯುವುದಿಲ್ಲ. ಗಮನವನ್ನು ಉಳಿಸುವುದೇ ಮಿತಸಾಧನದ ಗುರಿಯಾದರೆ, ಕಂಪ್ಯೂಟರನ್ನು ಬಿಡಿಸುವುದು ಗುರಿಗೇ ವಿರೋಧ.

ಮಿತಸಾಧನದ ಪಕ್ಷದಲ್ಲಿ ಇನ್ನೊಂದು ವಿಕಾರವೂ ಹುಟ್ಟಿಕೊಂಡಿದೆ. ವೈರಾಗ್ಯಕ್ಕೂ ಒಂದು ಅಂಗಡಿ ತೆರೆದಿದೆ. ಸಾಧಾರಣ ಜಾಕೀಟನ್ನು ಬಿಡು, ಉಕ್ಕಿನ ಬೆನ್ಹಲಗೆಯನ್ನು ಕೊಳ್ಳು, ಎರಡು ಮೀಟರಿನ ಉದ್ದ ಕೊಳವೆಯನ್ನು ಕೊಳ್ಳು, ಆಗಲೇ ನೀನು ನಿಜವಾದ ಮಿತಸಾಧನಿ ಎಂದು ಹೇಳುವವರಿದ್ದಾರೆ. ಗುಹೆಯ ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುತ್ತಲೇ ಗಾಳಿಯನ್ನು ಹಂಚಿಕೊಳ್ಳಬೇಕಾದುದರಿಂದ ಅಲ್ಲಿ ಉದ್ದ ಕೊಳವೆಯು ಬೇಕಾಯಿತು. ದಪ್ಪ ಉಡುಪನ್ನು ತೊಟ್ಟು ತಣ್ಣೀರಿಗಿಳಿಯುವವನಿಗೆ ಉಕ್ಕಿನ ತೂಕವು ಸೀಸದ ಬದಲಾಗಿ ಉಪಯುಕ್ತ. ತೆಳುವಾದ ಉಡುಪಿನಲ್ಲಿ ಬೆಚ್ಚಗಿನ ಅರಬ್ಬೀ ಸಮುದ್ರಕ್ಕಿಳಿಯುವ ನಮ್ಮ ಹೊಸಬನಿಗೆ ಅದೇ ಹಲಗೆಯು ಮತ್ತೊಂದು ಹೆಚ್ಚಿನ ಭಾರವಾಗಬಹುದು. ಅವು ಒಳ್ಳೆಯ ವಸ್ತುಗಳೇ. ಮುಂದೆ ಅವನು ಆ ದಾರಿಯನ್ನು ಹಿಡಿದರೆ ಕೊಳ್ಳಲಿ. ಆದರೆ ತತ್ತ್ವದ ಹೆಸರಿನಲ್ಲಿ ಮೊದಲ ದಿನವೇ ಕೊಳ್ಳಿಸುವುದು ಸರ್ವಸಂಗ್ರಹವೇ, ವೇಷ ಮಾತ್ರ ಬೇರೆ.

ಇನ್ನೂ ದೊಡ್ಡ ಅಪಾಯವೊಂದುಂಟು. ಮಿತವೆಂಬ ಒಳ್ಳೆಯ ಮಾತನ್ನು ಜಿಪುಣ ವ್ಯಾಪಾರಿಯು ತನ್ನ ಅನುಕೂಲಕ್ಕೆ ಬಳಸಿಕೊಳ್ಳಬಲ್ಲನು. ‘ಹೊಸಬರಿಗೆ ಇಷ್ಟೆಲ್ಲ ಏಕೆ?’ ಎಂದು ಎರಡನೆಯ ಬಾಯಿಕೊಳವೆಯಿಲ್ಲದ ರೆಗ್ಯುಲೇಟರನ್ನೋ, ಮುಳ್ಳು ಅಂಟಿಕೊಂಡ ಮಾಪಕವನ್ನೋ, ಗಾಳಿ ಸೋರುವ ಜಾಕೀಟನ್ನೋ ಬಾಡಿಗೆಗೆ ಕೊಟ್ಟರೆ ಅದು ಮಿತಸಾಧನವಲ್ಲ, ವಂಚನೆ. ಮಕ್ಕಳನ್ನು ಕಳುಹುವ ಮನೆಯವರು ಬೆಲೆಯನ್ನು ಕೇಳುವ ಮೊದಲು ಈ ಮೂರನ್ನು ಕೇಳಲಿ. ಕೇಳುವುದಕ್ಕೆ ಸಂಕೋಚವೇಕೆ? ಬಸ್ಸಿಗೆ ಬ್ರೇಕು ಉಂಟೇ ಎಂದು ಕೇಳಿದರೆ ಯಾರೂ ಅಪಚಾರವೆಂದು ತಿಳಿಯರು.

ಹೀಗೆ ವಿಚಾರಿಸಿದಲ್ಲಿ ನಿಲ್ಲುವ ಸಿದ್ಧಾಂತವಿಷ್ಟು. ಮೈಮೇಲೆ ಏರುವ ಪ್ರತಿಯೊಂದು ವಸ್ತುವನ್ನು ಕುರಿತೂ ಹೊಸಬನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದಿಲ್ಲದಿದ್ದರೆ ಇಂದಿನ ಈ ನೀರಿನಲ್ಲಿ ನನಗಾಗಲಿ ಜತೆಗಾರನಿಗಾಗಲಿ ಹಾನಿಯುಂಟೇ? ಕಣ್ಣು ಮುಚ್ಚಿದ್ದರೂ ಇದರ ಮೇಲೆ ನನ್ನ ಕೈ ಹೋಗುವುದೇ? ಇದನ್ನು ಬಳಸುವುದನ್ನು ನಾನು ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿದ್ದೇನೆಯೇ? ಮೊದಲನೆಯದಕ್ಕೆ ಇಲ್ಲವೆಂಬ ಉತ್ತರವಾದರೆ ಆ ವಸ್ತುವು ದೋಣಿಯಲ್ಲಿಯೇ ಇರಲಿ. ಮೊದಲನೆಯದಕ್ಕೆ ಹೌದೆಂದೂ ಉಳಿದೆರಡಕ್ಕೆ ಇಲ್ಲವೆಂದೂ ಬಂದರೆ, ವಸ್ತುವಲ್ಲ, ಅವನೇ ಅಂದು ದೋಣಿಯಲ್ಲಿರಲಿ.

ಕೊಳ್ಳುವ ವಿಷಯದಲ್ಲಿ ನಮ್ಮ ಸಲಹೆಯು ಇನ್ನೂ ಮಿತವಾದುದು. ಮುಖಕ್ಕೆ ಸರಿಯಾಗಿ ಕೂರುವ ಮುಖವಾಡವೊಂದನ್ನು ಹೊಸಬನು ಸ್ವಂತವಾಗಿ ಕೊಳ್ಳಲಿ. ಕನ್ನಡಕವುಳ್ಳವನಾದರೆ ಅದಕ್ಕೆ ತಕ್ಕ ಗಾಜನ್ನು ಹಾಕಿಸಲಿ. ಮಾಪಕದ ಮುಳ್ಳನ್ನು ಕಾಣಲಾರದವನಿಗೆ ಅದು ವಿಲಾಸವಲ್ಲ. ಮಿಕ್ಕುದೆಲ್ಲ ಬಾಡಿಗೆಯದಾಗಲಿ. ಇಪ್ಪತ್ತು ಮೂವತ್ತು ಸಲ ಬೇರೆ ಬೇರೆ ನೀರುಗಳಲ್ಲಿ ಇಳಿದವನಿಗೆ ತನಗೆ ಏನು ಬೇಕೆಂಬುದು ತಾನೇ ಗೊತ್ತಾಗುತ್ತದೆ. ಒಮ್ಮೆಯೂ ಇಳಿಯದವನಿಗೆ ಅದನ್ನು ಹೇಳುವವನು ಅಂಗಡಿಯವನು. ಕ್ಯಾಮೆರಾಕ್ಕೂ ಒಂದು ನಿಯಮವನ್ನಿಡಬಹುದು: ಯಾವುದನ್ನೂ ಹಿಡಿಯದೆ, ಯಾವುದನ್ನೂ ಮುಟ್ಟದೆ, ೫ ಮೀಟರಿನಲ್ಲಿ ಮೂರು ನಿಮಿಷ ಸ್ತಬ್ಧನಾಗಿ ನಿಲ್ಲಬಲ್ಲವನ ಕೈಗೆ ಮಾತ್ರ ಅದು ಬರಲಿ. ಅಲ್ಲಿಯವರೆಗೆ ಅವನು ತೆಗೆದ ಚಿತ್ರದಲ್ಲಿ ಮೀನಿನ ಬಾಲವೂ ಅವನು ಎಬ್ಬಿಸಿದ ಮರಳೂ ಮಾತ್ರ ಕಾಣುತ್ತವೆ. ಆ ಮರಳಿನಡಿಯಲ್ಲಿ ಮುರಿದ ಹವಳವು ಕಾಣುವುದಿಲ್ಲ.

ಮಗನಿಗೋ ಮಗಳಿಗೋ ಪ್ರೀತಿಯಿಂದ ಏನಾದರೂ ಕೊಡಬೇಕೆಂದಿರುವ ಹಿರಿಯರು ಆ ಹಣವನ್ನು ಉಪಕರಣಗಳಿಗೆ ಹಾಕದೆ ಇನ್ನೂ ಹತ್ತು ಮುಳುಗುಗಳಿಗೆ ಕೊಡಲಿ. ತಾಳ್ಮೆಯುಳ್ಳ ಶಿಕ್ಷಕನೊಬ್ಬನನ್ನು ಹುಡುಕಿ, ಅವನು ಸೊಂಟಕ್ಕೆ ಕಟ್ಟುವ ಸೀಸವನ್ನು ಮೊದಲು ನೀರಿನಲ್ಲಿ ಪರೀಕ್ಷಿಸಿಯೇ ನಿರ್ಧರಿಸುವನೋ ಎಂದು ವಿಚಾರಿಸಲಿ. ಉಪಕರಣಗಳು ಉಪ್ಪುನೀರಿನಲ್ಲಿ ಹಳತಾಗುತ್ತವೆ. ಶಾಂತವಾಗಿ ಉಸಿರಾಡುವುದನ್ನು ಒಮ್ಮೆ ಕಲಿತ ದೇಹವಾದರೋ ಪ್ರತಿಯೊಂದು ಮುಳುಗಿನಿಂದಲೂ ಇನ್ನಷ್ಟು ಹದಗೊಳ್ಳುತ್ತದೆ.